ಪೀಠ ಬಿಟ್ಟುಹೋದ ನೆಸ್ಟರ್

ಇಡೀ ಆಟದಲ್ಲಿ ನೆಸ್ಟರ್‌ನದು ಕೆಲವೇ ಕ್ಷಣಗಳ ಪಾತ್ರ. ಹಸಿರು ಬಯಲಿನ ಪೀಠವೊಂದರ ಮೇಲೆ ಹರಳಿನ ವಿಗ್ರಹವಾಗಿ ನಿಂತಿರುತ್ತಾನೆ. ನೇರಳೆ ಬಣ್ಣದ ಮರಿ ಡ್ರ್ಯಾಗನ್ ಸ್ಪೈರೋ ಬಂದು ಮುಟ್ಟಿದೊಡನೆ ಹರಳು ಒಡೆದು ಜೀವ ಬರುತ್ತದೆ. ಅಹಲ್ಯೆಯ ಕಥೆ ಕೇಳಿ ಬೆಳೆದವರಿಗೆ ಇದೇನೂ ಹೊಸ ದೃಶ್ಯವಲ್ಲ. ನೆಸ್ಟರ್ ಎರಡು ಮಾತು ಹೇಳಿ ಮಾಯವಾಗುತ್ತಾನೆ. ಅಲ್ಲಿಗೆ ಮುದುಕನ ಕೆಲಸ ಮುಗಿಯಿತೆಂದು ಆಡುವ ಹುಡುಗ ಮುಂದೆ ಓಡುತ್ತಾನೆ.

‘ಸ್ಪೈರೋ ದಿ ಡ್ರ್ಯಾಗನ್’ ಎಂಬ ಈ ವಿಡಿಯೋ ಗೇಮ್ ಅಮೆರಿಕದ ಇನ್ಸೋಮ್ನಿಯಾಕ್ ಗೇಮ್ಸ್ ಸಂಸ್ಥೆಯದು. 1998ರಲ್ಲಿ ಸೋನಿಯ ಪ್ಲೇಸ್ಟೇಷನ್ ಯಂತ್ರಕ್ಕಾಗಿ ಹೊರಬಂತು. ಕಥೆ ಶುರುವಾಗುವುದೇ ದೊಡ್ಡವರ ತಪ್ಪಿನಿಂದ. ಟೆಲಿವಿಷನ್ ಸಂದರ್ಶನದಲ್ಲಿ ಡ್ರ್ಯಾಗನ್ ಹಿರಿಯರು ನಾಸ್ಟಿ ನಾರ್ಕ್ ಎಂಬುವನನ್ನು ಕುರೂಪಿ ಎಂದು ಹೀಯಾಳಿಸುತ್ತಾರೆ. ಅದನ್ನು ಕೇಳಿಸಿಕೊಂಡ ಅವನು ಸಿಟ್ಟಿನಿಂದ ಮಂತ್ರ ಪ್ರಯೋಗಿಸಿ ಅವರನ್ನೆಲ್ಲ ಹರಳಾಗಿಸುತ್ತಾನೆ. ಸ್ಪೈರೋ ಮಾತ್ರ ಗಿಡ್ಡನಾದ್ದರಿಂದ ಪಾರಾಗುತ್ತಾನೆ. ದೊಡ್ಡವರ ನಾಲಿಗೆ ಮಾಡಿದ ಅನಾಹುತವನ್ನು ಸರಿಪಡಿಸುವ ಹೊಣೆ ಚಿಕ್ಕವನ ಹೆಗಲಿಗೆ ಬೀಳುತ್ತದೆ!

ಬಿಡಿಸಬೇಕಾದವರು ಒಟ್ಟು 80 ಮಂದಿ. ಮೊದಲು ಎದುರಾಗುವವನೇ ನೆಸ್ಟರ್. ಹತ್ತು ಮಂದಿಯನ್ನು ಬಿಡಿಸಿದರೆ ಬಲೂನಿನವನು ಮುಂದಿನ ಲೋಕಕ್ಕೆ ಕರೆದೊಯ್ಯುತ್ತಾನೆ. ಎಂಬತ್ತು ಮಂದಿಗೂ ಒಂದೊಂದು ಹೆಸರಿದೆ. ಆದರೆ ಒಂದೊಂದು ಮುಖವಿರಲಿಲ್ಲ. ಆ ಯಂತ್ರದ ಮುಖ್ಯ ಸ್ಮರಣೆ ಕೇವಲ 2 ಮೆಗಾಬೈಟ್. ಚಿತ್ರಗಳಿಗೆ ಬೇರೆ 1 ಮೆಗಾಬೈಟ್. ಹೀಗಾಗಿ ಕೆಲವೇ ಅಚ್ಚುಗಳಲ್ಲಿ ಬಣ್ಣ ಬದಲಿಸಿ ಎಲ್ಲರನ್ನೂ ಎರಕ ಹೊಯ್ದಿದ್ದರು. 2018ರಲ್ಲಿ ಟಾಯ್ಸ್ ಫಾರ್ ಬಾಬ್ ಸಂಸ್ಥೆ ಆಟವನ್ನು ಹೊಸದಾಗಿ ರೂಪಿಸಿದಾಗ ಒಬ್ಬೊಬ್ಬರಿಗೂ ಅವರದೇ ರೂಪ ಸಿಕ್ಕಿತು. ಇಪ್ಪತ್ತು ವರ್ಷ ಗುಂಪಿನಲ್ಲಿ ಗೋವಿಂದ ಎಂಬಂತಿದ್ದ ನೆಸ್ಟರ್ ಕೊನೆಗೂ ನೆಸ್ಟರ್ ಆದ.

ಮುಖಕ್ಕೆ ಅಷ್ಟು ಜಾಗ ಬೇಕು. ನೆನಪಿಗೆ ಬೇಕಾದದ್ದು ಎಷ್ಟು ಕಡಿಮೆ! ಒಬ್ಬ ಡ್ರ್ಯಾಗನ್ ಬಿಡುಗಡೆಯಾದನೋ ಇಲ್ಲವೋ ಎಂದು ಬರೆದಿಡಲು ಒಂದು ಬಿಟ್ ಸಾಕು. ಎಂಟು ಬಿಟ್ ಸೇರಿದರೆ ಒಂದು ಬೈಟ್. ಎಂಬತ್ತು ಮಂದಿಯ ಲೆಕ್ಕ ಹತ್ತೇ ಬೈಟಿನಲ್ಲಿ ಮುಗಿಯುತ್ತದೆ. ಪ್ಲೇಸ್ಟೇಷನ್ನಿನ ಮೆಮೊರಿ ಕಾರ್ಡಿನಲ್ಲಿದ್ದದ್ದು 128 ಕಿಲೋಬೈಟ್. ಮಕ್ಕಳು ಕಾಗದ, ಪೆನ್ಸಿಲ್ ಹಿಡಿದು ಈ ಗುಣಾಕಾರ ಮಾಡಿ ನೋಡಬಹುದು.

ಆ ನೆನಪನ್ನು ಕಾಯುವ ಸ್ಥಳವೇ ಈ ಆಟದ ಸ್ವಾರಸ್ಯ. ನೆಸ್ಟರ್ ಮಾಯವಾದರೂ ಅವನು ನಿಂತಿದ್ದ ಪೀಠ ಅಲ್ಲೇ ಉಳಿಯುತ್ತದೆ. ಅದರ ಮೇಲೆ ಹತ್ತಿ ನಿಂತರೆ ಅಲ್ಲಿಯವರೆಗಿನ ಆಟವನ್ನು ಕಾರ್ಡಿನಲ್ಲಿ ಉಳಿಸಿಕೊಳ್ಳಬಹುದು. ಮುಂದೆಲ್ಲೋ ಪ್ರಪಾತಕ್ಕೆ ಬಿದ್ದರೆ, ಕೊನೆಯದಾಗಿ ಬಿಡಿಸಿದ ಹಿರಿಯನ ಪೀಠದ ಬಳಿಯಿಂದ ಮತ್ತೆ ಹೊರಡಬಹುದು.

ಬಹಳಷ್ಟು ಮಕ್ಕಳು ಹಿರಿಯರ ಮಾತು ಮುಗಿಯುವವರೆಗೆ ಕಾಯುವುದಿಲ್ಲ. ಗುಂಡಿ ಒತ್ತಿ ಮುಂದಕ್ಕೆ ಜಿಗಿಯುತ್ತಾರೆ. ಎಷ್ಟೋ ಪಾಲಕರೂ ಅಷ್ಟೇ. ಮಗು ಆಡುತ್ತಿರುವುದು ಏನೆಂದು ಕೇಳದೆಯೇ ‘ಆಫ್ ಮಾಡು’ ಎಂದು ಗದರಿ ಮಾತು ಮುಗಿಸುತ್ತಾರೆ. ‘ಇವತ್ತು ಯಾರನ್ನು ಬಿಡಿಸಿದೆ? ಅವನೇನು ಹೇಳಿದ?’ ಎಂದು ಕೇಳಿದರೆ ಉತ್ತರ ಹೇಳಲಿಕ್ಕಾದರೂ ಮಗು ಮುಂದಿನ ಬಾರಿ ನಿಂತು ಕೇಳೀತು.

ಕೇಳದಿದ್ದರೂ ನೆಸ್ಟರ್‌ಗೆ ಬೇಸರವಿಲ್ಲ. ಮಾತನ್ನು ಅರ್ಧಕ್ಕೇ ತುಂಡರಿಸಿ ಓಡಿದ ಹುಡುಗ ಬಿದ್ದು ಬಂದಾಗಲೂ ಪೀಠ ಅಲ್ಲೇ ಇರುತ್ತದೆ.