ಅಡ್ಡಗಟ್ಟೆಯಿಲ್ಲದ ಹೊಳೆ

ಅಘನಾಶಿನಿ ಶಿರಸಿಯ ಶಂಕರಹೊಂಡದಲ್ಲಿ ಹುಟ್ಟುತ್ತದೆಂದು ಮಾಸ್ತರರು ಹೇಳಿಕೊಟ್ಟಿದ್ದರು. ಅಲ್ಲಿಂದ ಸಮುದ್ರಕ್ಕೆ 120 ಕಿಲೋಮೀಟರಿನ ಆಸುಪಾಸು, ಅಷ್ಟರೊಳಗೆ ಇಡೀ ಘಟ್ಟ ಇಳಿಯಬೇಕು. ಉಂಚಳ್ಳಿಯಲ್ಲಿ 116 ಮೀಟರ್ ಧುಮುಕುತ್ತದೆ. ಆ ಸದ್ದಿಗೆ ಹಳಬರು ಅದನ್ನು ಕೆಪ್ಪಜೋಗ ಎನ್ನುತ್ತಿದ್ದರು. ಕೆಳಗೆ ಕುಮಟಾ ಸೀಮೆ ಮುಟ್ಟುವಾಗ ಹೊಳೆಯ ಅವಸರವೆಲ್ಲ ಮುಗಿದು, ಭರತ ಬಂದಾಗ ನೀರು ಹಿಂದಕ್ಕೇ ಸರಿಯುತ್ತಿತ್ತು. ಇಳಿತಕ್ಕೆ ಬಿಟ್ಟ ಅಡಿಕೆ ಹಾಳೆಯ ದೋಣಿ ಭರತಕ್ಕೆ ವಾಪಸು ಬರಲೆಂದು ನಾವು ಮಕ್ಕಳು ದಡದಲ್ಲೇ ಕೂತಿರುತ್ತಿದ್ದೆವು. ಒಮ್ಮೊಮ್ಮೆ ಬರುತ್ತಲೂ ಇತ್ತು.

ನೀರಿಳಿದ ಕೂಡಲೇ ಅಬ್ಬೆ ಸೀರೆ ಎತ್ತಿಕಟ್ಟಿ, ಬುಟ್ಟಿ ಹಿಡಿದು ಬಳಚಿಗೆ, ಅಂದರೆ ಚಿಪ್ಪುಮೀನಿಗೆ, ಹೋಗುತ್ತಿದ್ದಳು. ರಾಡಿಯೊಳಗಿನ ಚಿಪ್ಪು ಅವಳ ಪಾದಕ್ಕೇ ತಿಳಿಯುತ್ತಿತ್ತು. ಪೇಟೆಯಲ್ಲಿ ನೂರು ಬಳಚಿಗೆ ನಾಲ್ಕಾಣೆ ಸಿಕ್ಕರೆ ಅಂದು ಸೀಮೆಎಣ್ಣೆ, ಬೆಲ್ಲ ಎರಡೂ ಬರುತ್ತಿದ್ದವು. ಉಳಿದದ್ದು ಗಡಿಗೆಯಲ್ಲಿ ಕುದಿಯುವಾಗ ಬರುತ್ತಿದ್ದ ಉಪ್ಪುಪ್ಪು ವಾಸನೆ ಅಂಗಳದ ತನಕ ಇರುತ್ತಿತ್ತು. ಖಾಲಿ ಚಿಪ್ಪು ಸುಣ್ಣದ ಭಟ್ಟಿಗೆ ಹೋಗಿ, ಅಜ್ಜನ ಕವಳದ ಚಂಚಿಗೂ ಮನೆಯ ಗೋಡೆಗೂ ಸುಣ್ಣವಾಗಿ ತಿರುಗಿ ಬರುತ್ತಿತ್ತು. ಈಗ ಬಳಚು ಗಾಡಿ ಹತ್ತಿ ಗೋವೆಗೆ ಹೋಗುತ್ತದೆ.

ನಮಗೆ ಅಕ್ಕಿ ಎಂದರೆ ಗಜನಿಯಲ್ಲಿ, ಅಂದರೆ ಹೊಳೆಯಂಚಿನ ಕಟ್ಟೆ ಕಟ್ಟಿದ ಉಪ್ಪುನೀರಿನ ಗದ್ದೆಯಲ್ಲಿ, ಬೆಳೆಯುವ ಕಗ್ಗ ಭತ್ತದ್ದು. ಬೀಜವನ್ನು ಹುಲ್ಲಿನಲ್ಲಿ ಮುಡೆ ಕಟ್ಟಿ ನೀರಲ್ಲಿ ಮುಳುಗಿಸಿ, ಮೊಳಕೆ ಒಡೆದ ಮೇಲೆ ಬಿತ್ತುತ್ತಿದ್ದರು. ಅದಕ್ಕೂ ಮೊದಲು ಮಳೆನೀರು ಮಣ್ಣಿನ ಉಪ್ಪು ತೊಳೆಯಬೇಕಿತ್ತು. ಗೊಬ್ಬರ ಹಾಕಿದ್ದನ್ನು ನಾನು ನೋಡಲಿಲ್ಲ. ನೆರೆಯಲ್ಲಿ ಮುಳುಗಿದರೂ ಪೈರು ಕೊಳೆಯುತ್ತಿರಲಿಲ್ಲ. ತೆನೆಯಷ್ಟೇ ಕೊಯ್ದು ಹುಲ್ಲು ಬಿಟ್ಟರೆ ಅದು ಶೆಟ್ಲಿಗೆ (ಸಿಗಡಿಗೆ), ಮೀನಿಗೆ ಮೇವು. ಆಮೇಲೆ ಜಂತ್ರಡಿಯ, ಅಂದರೆ ಕಟ್ಟೆಯ ತೂಬಿನ, ಹಲಗೆ ಎತ್ತಿ ಹೊಳೆಯ ನೀರು ಒಳಗೆ ಬಿಡುವುದು. ನೆಂಟರಿಗೆ ಬಿಳಿ ಅಕ್ಕಿಯ ಅನ್ನ ಬಡಿಸುವಾಗ ನನಗೆ ಆಸೆಯಾಗುತ್ತಿತ್ತು. ಕಗ್ಗದ ಕೆಂಪು ಗಂಜಿ ಉಂಡವನಿಗೆ ಮಧ್ಯಾಹ್ನದವರೆಗೆ ಹಸಿವಿಲ್ಲ ಎಂದು ಅಬ್ಬೆ ಸಮಾಧಾನ ಮಾಡುತ್ತಿದ್ದಳು.

ಮುಂದೆ ಶೆಟ್ಲಿ ಸಾಕಣೆಗೆ ಗಜನಿಗಳು ಗುತ್ತಿಗೆ ಹೋದವು. ಕೊಟ್ಟವರನ್ನು ನಾನು ದೂರುವುದಿಲ್ಲ. ಆ ದುಡ್ಡಿನಲ್ಲಿ ಮಕ್ಕಳು ಕಾಲೇಜು ಓದಿದರು. ಆದರೆ ಶೆಟ್ಲಿಗೆ ರೋಗ ಬಂದು ಗುತ್ತಿಗೆದಾರರು ಎದ್ದು ಹೋದಾಗ, ಒಡೆದ ಕಟ್ಟೆಗೆ ಮಣ್ಣು ಹಾಕುವವರು ಉಳಿದಿರಲಿಲ್ಲ.

ಶಿವರಾತ್ರಿಗೆ ಗೋಕರ್ಣಕ್ಕೆ ಹೋಗಲು ತದಡಿಯಲ್ಲಿ ಹೊಳೆ ದಾಟಬೇಕಿತ್ತು. ಅಂಬಿಗನಿಗೆ ಆಗ ಹತ್ತು ಪೈಸೆ, ಮಡಿಲಿನ ಮಗುವಿಗೆ ಬಿಟ್ಟಿ. ಈಗಿನವರು ದೋಣಿಗೆ ಬೈಕನ್ನೂ ಹತ್ತಿಸುತ್ತಾರೆ.

ಪಕ್ಕದ ಶರಾವತಿಗೆ 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಕಟ್ಟಿದರು; ನಾಡಿಗೆ ಬೆಳಕು ಬಂತು. ಆದರೆ ವರ್ಷವಿಡೀ ಬಿಡುವ ಸಿಹಿನೀರಿನಿಂದ ಹೊನ್ನಾವರದ ಅಳಿವೆಯ ಉಪ್ಪು ತೆಳುವಾಗಿ ಬಳಚು ಕಡಿಮೆಯಾಯಿತು. ನಮ್ಮ ಹೊಳೆಗೆ ಅಡ್ಡಗಟ್ಟೆಯಿಲ್ಲ, ಮಳೆಗಾಲಕ್ಕೆ ಸಿಹಿ, ಬೇಸಿಗೆಗೆ ಉಪ್ಪು. ತದಡಿಗೆ ಉಷ್ಣ ವಿದ್ಯುತ್ ಸ್ಥಾವರ ತರುವ ಮಾತು ಎದ್ದಾಗ ಜನ ಗಟ್ಟಿಯಾಗಿ ಬೇಡವೆಂದದ್ದು ಹೊಳೆಯ ಈ ಲಯವನ್ನು ಬಲ್ಲವರಾದ್ದರಿಂದಲೇ. 2024ರಲ್ಲಿ ಅಳಿವೆಯ 4,801 ಹೆಕ್ಟೇರ್ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ರಾಮ್‌ಸಾರ್ ಪಟ್ಟಿಗೆ ಸೇರಿತು. ನನಗೆ ಸಂತೋಷವೇ. ಮಾಣಿಕಟ್ಟೆಯಲ್ಲಿ ಈಗಲೂ ಕಗ್ಗ ಬಿತ್ತುವವರಿದ್ದಾರೆ. ಆದರೆ ಅವರಿಗೆ ಬೇಕಾದದ್ದು ಗಟ್ಟಿ ಕಟ್ಟೆ, ಕೊಯ್ಲಿಗೆ ಆಳು, ಅಕ್ಕಿಗೆ ತಕ್ಕ ದರ.