ಅಪ್ಪನ ಸಾಲ

ಕೈ ಹಾಕು. ಬಾಣಲೆಯ ನೀರು ಕುದಿಯುತ್ತಿದೆ, ರೇಷ್ಮೆ ಗೂಡುಗಳು ಮಗುಚುತ್ತಿವೆ. ಸೌಟು ಕೇಳಬೇಡ. ಎಳೆ ಬಿಟ್ಟುಕೊಂಡಿತೋ ಇಲ್ಲವೋ ಬೆರಳಿಗೇ ಗೊತ್ತಾಗಬೇಕು. 10 ವರ್ಷದ ಬೆರಳು. ಚರ್ಮ ಬಿಳಿಚಿ ಸುಕ್ಕುಗಟ್ಟಿದೆ, ಸಂದುಗಳಲ್ಲಿ ಬಿರಿದು ಕೀವಾಗಿದೆ. ರಾತ್ರಿ ಅನ್ನ ಕಲಸಿದರೆ ಸಾರಿನ ಖಾರ ಆ ಬಿರುಕಿಗೇ ಇಳಿಯುತ್ತದೆ. ಎಡಗೈಯಲ್ಲಿ ಉಣ್ಣಲು ಅವ್ವ ಎಂದೂ ಬಿಟ್ಟವಳಲ್ಲ. ಹಲ್ಲು ಕಚ್ಚಿ ಬಲಗೈಯಲ್ಲೇ ಉಣ್ಣುತ್ತೀಯ.

ರಾಮನಗರದ ಈ ಶೆಡ್ಡಿನಲ್ಲಿ ಬೆಂದ ಹುಳುಗಳ ನಾತ ಬಟ್ಟೆಗೆ, ಕೂದಲಿಗೆ, ಕುಡಿಯುವ ನೀರಿಗೂ ಹತ್ತಿದೆ. ಭಾರತದ ರೇಷ್ಮೆ ಉದ್ಯಮದಲ್ಲಿನ ಮಕ್ಕಳ ಜೀತದ ಬಗ್ಗೆ ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆ 2003ರಲ್ಲಿ ತಂದ ವರದಿಯಲ್ಲಿ ಇಂಥ ಕೈಗಳ ವಿವರವಿದೆ. ನಿನಗದು ಗೊತ್ತಿಲ್ಲ. ನಿನಗೆ ಗೊತ್ತಿರುವುದು ಅಕ್ಕನ ಮದುವೆಗೆ ಅಪ್ಪ ತಂದ 5,000 ರೂಪಾಯಿ ಮುಂಗಡ. ಜ್ವರ ಬಂದು ಮಲಗಿದ ದಿನವೂ ಆ ಲೆಕ್ಕಕ್ಕೆ ಸೇರುತ್ತದೆ.

ಫಕ್ಕನೆ ಕರೆಂಟ್ ಹೋಗುತ್ತದೆ. ರಾಟೆ ನಿಲ್ಲುತ್ತದೆ. ಒಲೆಯ ಕೆಂಡದ ಬೆಳಕಷ್ಟೆ. ಹಿತ್ತಿಲ ಬಾಗಿಲಿಗೆ ಬೀಗವಿಲ್ಲ.

ಓಡಿದರೆ ಮಾಲೀಕ ನಾಳೆ ಅಪ್ಪನ ಕೊರಳಪಟ್ಟಿ ಹಿಡಿಯುತ್ತಾನೆ. ಓಡದಿದ್ದರೆ ತಮ್ಮನೂ ಇಲ್ಲಿಗೇ ಬರುತ್ತಾನೆ; ಅವನನ್ನೂ ಕರೆಸುತ್ತೇನೆ ಎಂದಿದ್ದಾನೆ ಮಾಲೀಕ. ತಮ್ಮನ ಅಂಗೈ ನೆನಪಾಗುತ್ತದೆ. ಜಾತ್ರೆಯಲ್ಲಿ ನಿನ್ನ ಕೈಯೊಳಗೆ ಬೆವೆತು ಜಾರುತ್ತಿದ್ದ ಮೆತ್ತನೆಯ ಅಂಗೈ. ಪಕ್ಕದ ಬಾಣಲೆಯ ಅಜ್ಜಿ ನಿನ್ನತ್ತ ನೋಡದೆಯೇ ಅನ್ನುತ್ತಾಳೆ: "ಹೋಗ್ ಮಗ."

ಚಿಲಕ ಕಿರ್ರೆನ್ನುತ್ತದೆ.

"ಯಾವನ್ಲಾ ಅದು?"

ಟಾರ್ಚು. ಓಡು. ಬರಿಗಾಲು. ಹಿಪ್ಪುನೇರಳೆ ಕಡ್ಡಿ ಮುಖಕ್ಕೆ ಬಾರಿಸುತ್ತದೆ, ಮುಳ್ಳು ಹಿಮ್ಮಡಿಯೊಳಗೆ ಮುರಿಯುತ್ತದೆ, ನಾಯಿ ಬೊಗಳುತ್ತದೆ, ಹಿಂದೆ ಹೆಜ್ಜೆ, ತಿರುಗಬೇಡ, ಓಡು. ರೈಲು ಹಳಿಯ ಜಲ್ಲಿ. ದಾಟಿದೆ. ಮೋರಿಯ ಕೆಳಗೆ ಬಾಯಿಗೆ ಅಂಗಿ ತುರುಕಿಕೊಂಡು ಕೂರು. ನಿನ್ನ ಉಸಿರೇ ನಿನ್ನನ್ನು ಹಿಡಿದುಕೊಟ್ಟೀತು.

ಬೆಳಗ್ಗೆ ತಾಲೂಕು ಕಚೇರಿಯ ಮೆಟ್ಟಿಲು. ಕನ್ನಡಕದ ಗುಮಾಸ್ತರೊಬ್ಬರು ನಿನ್ನ ಕೈ ತಿರುಗಿಸಿ ನೋಡುತ್ತಾರೆ, ಬಹಳ ಹೊತ್ತು ಮಾತಾಡುವುದಿಲ್ಲ. ನೀನೇ ಕೇಳುತ್ತೀಯ: "ಅಪ್ಪನ್ ಸಾಲ ಯಾರ್ ತೀರಿಸ್ತಾರೆ ಸಾರ್?"

ಯಾರೂ ತೀರಿಸಬೇಕಿಲ್ಲ. 1976ರ ಜೀತ ರದ್ದತಿ ಕಾಯ್ದೆಯ ಮುಂದೆ ಆ ಸಾಲಕ್ಕೆ ಬೆಲೆಯೇ ಇಲ್ಲ. ಜೀತಕ್ಕೆ ಮುಂಗಡ ಕೊಟ್ಟವನಿಗೇ 3 ವರ್ಷದವರೆಗೆ ಜೈಲು. ಶೆಡ್ಡಿನಲ್ಲಿ ಇದನ್ನು ನಿನಗೆ ಒಬ್ಬರೂ ಹೇಳಿರಲಿಲ್ಲ.

ಓದುವವರೇ, ಇಂಥ ಕೈ ಎಲ್ಲೇ ಕಂಡರೂ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ. ಆ ಮಗುವಿಗೂ ಹೇಳಿ, ನಿಮ್ಮಪ್ಪ ತೀರಿಸಬೇಕಾದ್ದು ಏನೂ ಇಲ್ಲ ಎಂದು.