ದೇವರ ಹೊಲದಲ್ಲಿ ದೊರೆಯ ಚೆಂಡು

ಗಾಲ್ಫ್ ಬಯಲಿನ ಆಟ. ಸ್ಕಾಟ್ಲೆಂಡಿನ ಕಡಲಂಚಿನ ಮರಳುದಿಣ್ಣೆಗಳ ಮೇಲೆ ಬೆಳೆದ ಈ ವಿನೋದವನ್ನು ಹಿಮಾಲಯದ ಹೆಗಲಿಗೆ ಏರಿಸಬೇಕೆಂಬ ಆಸೆ ಹುಟ್ಟಬೇಕಾದರೆ ಮನುಷ್ಯನು ಹುಚ್ಚನಾಗಿರಬೇಕು, ಇಲ್ಲವೇ ವೈಸ್‌ರಾಯ್ ಆಗಿರಬೇಕು. ಲಾರ್ಡ್ ಕರ್ಜನ್ ಎರಡನೆಯ ವರ್ಗಕ್ಕೆ ಸೇರಿದವನು.

ಶಿಮ್ಲಾದಿಂದ ಸುಮಾರು 22 ಕಿಲೋಮೀಟರ್ ದೂರದಲ್ಲಿ, ಸಮುದ್ರಮಟ್ಟಕ್ಕೆ 2,000 ಮೀಟರಿಗೂ ಮೇಲೆ ನಾಲ್ದೇಹ್ರಾ ಇದೆ. ಸುತ್ತಲೂ ದೇವದಾರು ಕಾಡು. ನಡುವೆ ಏರಿಳಿಯುವ ಹುಲ್ಲುಗಾವಲು. ದೂರದ ಆಳದಲ್ಲಿ ಸಟ್ಲೆಜ್ ನದಿಯ ಕಣಿವೆ. 1899ರಲ್ಲಿ ಅಧಿಕಾರ ವಹಿಸಿಕೊಂಡ ಕರ್ಜನ್‌ಗೆ ಶಿಮ್ಲಾದ ಔತಣಕೂಟಗಳೂ ಅಲ್ಲಿನ ಪಿಸುಮಾತುಗಳೂ ರುಚಿಸಲಿಲ್ಲ. ಬೇಸಗೆಯಲ್ಲಿ ಅವನು ಇಲ್ಲಿ ಡೇರೆ ಹೊಡೆಸಿ, ದೇವದಾರುಗಳ ನೆರಳಿನಲ್ಲಿ ಕಡತಗಳನ್ನು ಹರಡಿಕೊಂಡು ಕುಳಿತಿರುತ್ತಿದ್ದ. ಇಲ್ಲಿನ ಗಾಲ್ಫ್ ಮೈದಾನ ಅವನ ಅಪೇಕ್ಷೆಯ ಫಲ.

ಸ್ಥಳದ ಮೋಹ ಅಲ್ಲಿಗೇ ನಿಲ್ಲಲಿಲ್ಲ. 1904ರಲ್ಲಿ ಹುಟ್ಟಿದ ಮೂರನೆಯ ಮಗಳಿಗೆ ಅವನು ಅಲೆಕ್ಸಾಂಡ್ರಾ ನಾಲ್ದೇರಾ ಎಂದು ಹೆಸರಿಟ್ಟ. ನಾಗನ ಗುಡಿ ಎಂಬುದೇ ಈ ಊರ ಹೆಸರಿನ ಮೂಲವೆಂದು ಅಲ್ಲಿನವರು ಹೇಳುತ್ತಾರೆ. ಮಕ್ಕಳಿಗೆ ಊರದೇವರ ಹೆಸರಿಡುವುದು ನಮ್ಮ ಮನೆಗಳಲ್ಲಿ ಹೊಸದೇನಲ್ಲ. ಆಂಗ್ಲ ದೊರೆಯೊಬ್ಬನು, ತಿಳಿದೋ ತಿಳಿಯದೆಯೋ, ಅದನ್ನೇ ಮಾಡಿದನಲ್ಲ! ಅದೇ ಕರ್ಜನ್‌ನ ಆಡಳಿತ 1905ರ ಜುಲೈನಲ್ಲಿ ಇದೇ ಶಿಮ್ಲಾದಿಂದ ಬಂಗಾಳದ ವಿಭಜನೆಯನ್ನು ಘೋಷಿಸಿತು. ಒಂದು ಬೆಟ್ಟದ ಹುಲ್ಲಿಗೆ ಮನಸೋತವನಿಗೆ ಒಂದು ನಾಡಿನ ಜನರ ಅಳಲು ಕೇಳಿಸಲಿಲ್ಲ. ಆ ಗೆರೆ 1911ರಲ್ಲಿ ಅಳಿಸಿಹೋಯಿತು. ಬೆಟ್ಟದ ಹೆಸರು ಹೊತ್ತ ಮಗಳು 1995ರವರೆಗೆ ಬದುಕಿದಳು.

ಆಟದ ಮಾತಿಗೆ ಬಂದರೆ, ಬೆಟ್ಟವೇ ಇಲ್ಲಿ ಎದುರಾಳಿ. ಗಾಳಿ ತೆಳುವಾದುದರಿಂದ ಹೊಡೆದ ಚೆಂಡು ಬಯಲುಸೀಮೆಗಿಂತ ದೂರ ಹಾರುತ್ತದೆ. ಆಟಗಾರನು ಹಿಗ್ಗುವಷ್ಟರಲ್ಲಿ ಅದು ಇಳಿಜಾರು ಹಿಡಿದು ಉರುಳುತ್ತದೆ, ಇಲ್ಲವೇ ದೇವದಾರುಗಳ ಬುಡದಲ್ಲಿ ಮರೆಯಾಗುತ್ತದೆ. ಸೇರಬೇಕಾದ ಕುಳಿಯ ಅಗಲವಾದರೋ 10.8 ಸೆಂಟಿಮೀಟರ್! ಆದರೂ ಆ ಮರಗಳ ಮೇಲೆ ಸಿಟ್ಟಾಗುವುದು ತರವಲ್ಲ. ಕಾಡಾನೆ ತೊಗಟೆ ಸುಲಿದ ಒಂದು ದೇವದಾರುವಿಗಾಗಿ ಪಾರ್ವತಿ ಮರುಗಿದಳೆಂದೂ, ಶಿವನು ಅದನ್ನು ಮಗನಾಗಿ ಸ್ವೀಕರಿಸಿದ್ದನೆಂದೂ ಕಾಳಿದಾಸನು ರಘುವಂಶದಲ್ಲಿ ಹೇಳಿದ್ದಾನೆ. ದೊರೆ ಮಗಳಿಗೆ ಬೆಟ್ಟದ ಹೆಸರು ಕೊಟ್ಟ. ಬೆಟ್ಟದೊಡೆಯನು ಮರಕ್ಕೆ ಮಗನ ಪದವಿಯನ್ನೇ ಕೊಟ್ಟಿದ್ದ.

ಮೈದಾನದ ನಟ್ಟನಡುವೆ ಮಹುನಾಗ ದೇವರ ಗುಡಿ ಇದೆ. ಮಹುನಾಗನೆಂದರೆ ಮಹಾಭಾರತದ ಕರ್ಣನೇ ಎಂಬುದು ಆ ಸೀಮೆಯ ನಂಬಿಕೆ. ಬದುಕಿರುವಾಗ ಹುಟ್ಟಿನ ಹೆಸರಿನಲ್ಲಿ ಸಭೆಯಿಂದ ಸಭೆಗೆ ಅವಮಾನ ಉಂಡವನಿಗೆ ಇಲ್ಲಿ ಯಾರೂ ಕುಲ ಕೇಳುವುದಿಲ್ಲ. ಹರಕೆ ಹೊತ್ತವರು ಹುಲ್ಲಿನ ಮೇಲೆ ನಡೆದು ಅವನ ಬಾಗಿಲಿಗೆ ಹೋಗುತ್ತಾರೆ. ಚೆಂಡಿನ ದಾರಿ ಗುಡಿಯನ್ನು ಬಳಸಿಕೊಂಡು ಮುಂದಕ್ಕೆ ಸಾಗುತ್ತದೆ.